ಡಿಗ್ರಿ ಒಂದೇ ಸಲ, ಪಾಠ ಪ್ರತಿ ಮಳೆಗಾಲ

ಚೆನ್ನೈನ ಓದುಗರೊಬ್ಬರು ಕಳೆದ ತಿಂಗಳು ಪತ್ರ ಬರೆದಿದ್ದರು. ಮನೆಯ ಲ್ಯಾಬ್ರಡಾರ್‌ಗೆ ಹೊಟ್ಟೆ ಕೆಟ್ಟಿತೆಂದು ಕ್ಲಿನಿಕ್ಕಿಗೆ ಓಡಿದರೆ ಬಾಗಿಲಿಗೆ ಚೀಟಿ ಅಂಟಿಸಿತ್ತಂತೆ: ‘ಡಾಕ್ಟರ್ ಎರಡು ದಿನ ತರಬೇತಿಗೆ ಹೋಗಿದ್ದಾರೆ.’ ಅವರ ಪ್ರಶ್ನೆ ಹೀಗಿತ್ತು: “ಇಪ್ಪತ್ತು ವರ್ಷದಿಂದ ನಾಯಿಗಳಿಗೆ ಔಷಧಿ ಕೊಡುತ್ತಿರುವವರಿಗೆ ಇನ್ನೆಂಥ ತರಬೇತಿ ಮೇಡಂ? ಇನ್ನೂ ಕಲಿತು ಮುಗಿದಿಲ್ಲವೇ?” ಸಿಟ್ಟಿನಲ್ಲಿ ಬರೆದ ಪತ್ರ. ನಾಯಿ ಈಗ ಆರಾಮಾಗಿದೆಯಂತೆ, ಸಂತೋಷ.

ಪ್ರಶ್ನೆ ಮಾತ್ರ ಒಳ್ಳೆಯದು. ಕಲಿತು ಮುಗಿದಿಲ್ಲ ಎಂಬುದೇ ಅದಕ್ಕೆ ಉತ್ತರ. ಏಕೆ ಮುಗಿಯುವುದಿಲ್ಲ, ಯಾರಿಗೆ ಈ ಕಲಿಕೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಎಂಬುದನ್ನು ಈ ಸಲ ಬರೆಯುತ್ತೇನೆ.

ಹೊಸದಾಗಿ ಈ ಅಂಕಣ ಓದುವವರಿಗೆ ಎರಡು ಮಾತು. ನಾನು ಸೊರಬದ ಕಡೆಯವಳು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿದೆ. ಮದುವೆಯಾಗಿ ಕೊಚ್ಚಿಗೆ ಬಂದು ಹದಿನೈದು ವರ್ಷ ದಾಟಿತು. ಪೇಟೆಯಲ್ಲಿ ಸಣ್ಣ ಕ್ಲಿನಿಕ್ ಇದೆ. ಬರುವವು ಹೆಚ್ಚಾಗಿ ನಾಯಿ, ಬೆಕ್ಕು, ಆಗೊಂದು ಈಗೊಂದು ಗಿಳಿ. ಆದರೆ ಇವಳು ಕೊಟ್ಟಿಗೆ ಕಂಡವಳು ಎಂದು ಹೇಗೋ ಸುದ್ದಿಯಾಗಿ ಪರವೂರು ಕಡೆಯ ಐದಾರು ಹಸು ಮನೆಗಳವರೂ ಕರೆಯುತ್ತಾರೆ.

ನಮ್ಮ ಓದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆ ಮೇಲೆ ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಪಶುವೈದ್ಯಕೀಯ ವೃತ್ತಿ ಮಾಡುವಂತಿಲ್ಲ. ನಾನು ಕರ್ನಾಟಕದ ನೋಂದಣಿಯನ್ನು ಕೇರಳಕ್ಕೆ ವರ್ಗಾಯಿಸಿಕೊಂಡೆ. ಇಲ್ಲಿಯ ಪರಿಷತ್ತಿನ ಕಚೇರಿ ತಿರುವನಂತಪುರದ ಪೇರೂರ್ಕಡದಲ್ಲಿದೆ. ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದ ಮೇಲೆ ನಡೆಯುವ ಓದಿಗೆ ‘ಮುಂದುವರಿದ ಪಶುವೈದ್ಯ ಶಿಕ್ಷಣ’ ಎಂದು ಹೆಸರು. ನಾವು ನಾವು ಮಾತಾಡುವಾಗ ಸಿವಿಇ ಅನ್ನುತ್ತೇವೆ. ಪರಿಷತ್ತು ನಡೆಸುತ್ತದೆ, ವಿಶ್ವವಿದ್ಯಾಲಯ ನಡೆಸುತ್ತದೆ, ಇಲಾಖೆ ನಡೆಸುತ್ತದೆ, ವೈದ್ಯರ ಸಂಘಗಳೂ ನಡೆಸುತ್ತವೆ. ಕೇರಳದಲ್ಲಿ ಇದಕ್ಕೆ ಜಾಗಗಳ ಕೊರತೆಯಿಲ್ಲ. ತ್ರಿಶೂರಿನ ಮಣ್ಣುತ್ತಿಯಲ್ಲಿ 1955ರಲ್ಲಿ ಶುರುವಾದ ಪಶುವೈದ್ಯ ಕಾಲೇಜಿದೆ. ವಯನಾಡಿನ ಪೂಕೋಡಿನಲ್ಲಿ 2010ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವಿದೆ. ತಿರುವನಂತಪುರದ ಕುಡಪ್ಪನಕುನ್ನು, ನಮ್ಮ ಕಡೆಯ ಆಲುವಾ ಮುಂತಾದ ಊರುಗಳಲ್ಲಿ ಪಶುಸಂಗೋಪನಾ ಇಲಾಖೆಯ ತರಬೇತಿ ಕೇಂದ್ರಗಳಿವೆ. ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ ರೋಗಪತ್ತೆ ಸಂಸ್ಥೆಯೂ ಲಸಿಕೆ ತಯಾರಿಸುವ ಸಂಸ್ಥೆಯೂ ಇವೆ.

ಇಷ್ಟೆಲ್ಲ ಓದು ಯಾಕೆ ಬೇಕು? ಒಂದು ಔಷಧಿಯ ಕತೆ ಹೇಳುತ್ತೇನೆ. ಡೈಕ್ಲೋಫೆನಾಕ್ ನಿಮಗೂ ಗೊತ್ತು, ಮಂಡಿ ನೋವಿಗೆ ನುಂಗಿರುತ್ತೀರಿ. ಒಂದು ಕಾಲದಲ್ಲಿ ಹಸು ಎಮ್ಮೆಗಳ ನೋವು, ಬಾವು, ಜ್ವರಕ್ಕೆ ಅದನ್ನೇ ಚುಚ್ಚುತ್ತಿದ್ದರು. ಅಗ್ಗದ ಔಷಧಿ, ಬೇಗ ಗುಣ ಕಾಣುತ್ತಿತ್ತು, ಎತ್ತು ಮರುದಿನವೇ ಎದ್ದು ನಿಲ್ಲುತ್ತಿತ್ತು. ಯಾವ ವೈದ್ಯನೂ ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. ಆದರೆ ಚುಚ್ಚಿಸಿಕೊಂಡ ದನ ಸತ್ತು, ಅದರ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಮರದಿಂದ ಉದುರಿ ಬೀಳುತ್ತಿದ್ದವು. ಕಾರಣ ಈ ಔಷಧಿಯೇ ಎಂದು 2004ರಲ್ಲಿ ಪತ್ತೆಯಾಯಿತು. 2006ರಲ್ಲಿ ಭಾರತ ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೋಗಿಬಿಟ್ಟಿದ್ದವು. ನಮ್ಮ ರಾಮನಗರದ ಬೆಟ್ಟದಲ್ಲಿ ಉಳಿದಿದ್ದ ಕೆಲವೇ ಹಕ್ಕಿಗಳಿಗಾಗಿ 2012ರಲ್ಲಿ ರಣಹದ್ದು ಧಾಮ ಮಾಡಿದ್ದು ನಿಮಗೆ ನೆನಪಿರಬಹುದು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನಿಷೇಧದ ನಂತರವೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆ ತಲುಪುತ್ತಿದ್ದವು. ಅದಕ್ಕೇ 2015ರಲ್ಲಿ ಸೀಸೆಯ ಗಾತ್ರವನ್ನು ಒಂದೇ ಡೋಸಿಗೆ, 3 ಮಿಲಿಲೀಟರಿಗೆ ಇಳಿಸಿದರು. ಡೈಕ್ಲೋಫೆನಾಕ್ ಬದಲಿಗೆ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಬಂದವು. ಅವೂ ಹದ್ದುಗಳಿಗೆ ವಿಷವೆಂದು ಗೊತ್ತಾಗಿ 2023ರಲ್ಲಿ ಪಶುಗಳಿಗೆ ನಿಷೇಧವಾದವು. ಈಗ ಧೈರ್ಯವಾಗಿ ಬಳಸುವುದು ಮೆಲಾಕ್ಸಿಕ್ಯಾಮ್. 1995ರಲ್ಲಿ ಚಿನ್ನದ ಪದಕ ಪಡೆದು ಪಾಸಾಗಿ, ಆಮೇಲೆ ಒಂದು ಕ್ಲಾಸಿಗೂ ಹೋಗದ, ಒಂದು ಸುತ್ತೋಲೆಯನ್ನೂ ಓದದ ಡಾಕ್ಟರ್ ಇದ್ದಾರೆ ಅಂತಿಟ್ಟುಕೊಳ್ಳಿ. ಅವರು ಇವತ್ತಿಗೂ ಪ್ರಾಮಾಣಿಕವಾಗಿ, ಪ್ರೀತಿಯಿಂದ, ಹದ್ದುಗಳಿಗೆ ವಿಷ ಹಾಕುತ್ತಿರುತ್ತಾರೆ.

ಇನ್ನು ರೋಗಗಳ ವಿಷಯ. ಕೊಚ್ಚಿಗೆ ಬಂದ ಮೇಲೆ ನಾನು ಕಂಡ ವರ್ಷಗಳನ್ನೇ ಎಣಿಸುತ್ತೇನೆ. 2014ರ ನವೆಂಬರಿನಲ್ಲಿ ಕುಟ್ಟನಾಡಿನ ಬಾತುಗಳಿಗೆ ಹಕ್ಕಿಜ್ವರ ಬಂತು, ಲಕ್ಷಗಟ್ಟಲೆ ಬಾತುಗಳನ್ನು ಕೊಂದು ಸುಡಬೇಕಾಯಿತು. ನಮ್ಮೂರ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, 2015ರಲ್ಲಿ ವಯನಾಡಿನಲ್ಲಿ ಜೀವ ತೆಗೆಯಿತು. 2018ರ ಮೇನಲ್ಲಿ ಕೋಳಿಕ್ಕೋಡಿನ ಪೇರಾಂಬ್ರದಲ್ಲಿ ನಿಪಾ. ಅದೇ ವರ್ಷದ ಆಗಸ್ಟಿನಲ್ಲಿ ಪ್ರವಾಹ, ಅದರ ಬೆನ್ನಿಗೇ ಇಲಿಜ್ವರ. 2019ರ ಜೂನಿನಲ್ಲಿ ನಿಪಾ ನಮ್ಮ ಎರ್ನಾಕುಲಂ ಜಿಲ್ಲೆಗೇ ಬಂತು, ಪುಣ್ಯಕ್ಕೆ ಆ ಹುಡುಗ ಉಳಿದ. 2020ರಲ್ಲಿ ಹಸುಗಳಿಗೆ ಚರ್ಮಗಂಟು ರೋಗ. 2022ರ ಜುಲೈಯಲ್ಲಿ ವಯನಾಡಿನ ಹಂದಿಗಳಿಗೆ ಆಫ್ರಿಕನ್ ಹಂದಿಜ್ವರ. ಇವುಗಳಲ್ಲಿ ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಂಡದ್ದು 2019ರಲ್ಲಿ, ಹಂದಿಜ್ವರ 2020ರಲ್ಲಿ. ನಾನು ಹೆಬ್ಬಾಳದಲ್ಲಿ ಓದುವಾಗ ಇವೆರಡೂ ಪರದೇಶದ ರೋಗಗಳು. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆಯಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ರೋಗ ಹೊಸದಾಗುವುದು ಒಂದು. ಪ್ರಾಣಿಯೇ ಹೊಸದಾಗುವುದು ಇನ್ನೊಂದು. 1963ರಲ್ಲಿ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿಯಲ್ಲಿ ಸ್ವಿಟ್ಜರ್ಲೆಂಡಿನವರ ಜೊತೆ ಸೇರಿ ಶುರುವಾದ ಯೋಜನೆಯಿಂದ ಸುನಂದಿನಿ ಎಂಬ ಮಿಶ್ರತಳಿ ಬಂತು. ಆ ಯೋಜನೆಯೇ ಬೆಳೆದು ಇಂದಿನ ಕೇರಳ ಜಾನುವಾರು ಅಭಿವೃದ್ಧಿ ಮಂಡಳಿಯಾಗಿದೆ. ತಿರುವನಂತಪುರದ ಪಟ್ಟಂನಲ್ಲಿ ಅದರ ಕೇಂದ್ರ ಕಚೇರಿ. ಈಗ ಕೇರಳದ ಹೆಚ್ಚಿನ ಹಸುಗಳು ಮಿಶ್ರತಳಿಯವು. ಹಾಲು ಹೆಚ್ಚಿತು, ಜೊತೆಗೆ ಕಾಯಿಲೆಯೂ ಬದಲಾಯಿತು. ನಮ್ಮ ಮನೆಯ ಮಲೆನಾಡು ಗಿಡ್ಡಕ್ಕೆ ಹಾಲುಜ್ವರ ಬಂದದ್ದನ್ನು ಅಜ್ಜಿ ಕಂಡವಳಲ್ಲ. ಇಲ್ಲಿ ಕರು ಹಾಕಿದ ಮರುದಿನ ಹಸು ಮಲಗಿಬಿಟ್ಟಿದೆ ಎಂದು ಫೋನ್ ಬಂದರೆ ಮೊದಲ ಸಂಶಯವೇ ಅದು. ರಕ್ತದ ಕ್ಯಾಲ್ಸಿಯಂ ಪೂರ್ತಿ ಹಾಲಿಗೆ ಇಳಿದು ಹಸು ಕುಸಿದಿರುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಆತುರಪಟ್ಟು ಬೇಗ ಹರಿಸಿದರೆ ಹೃದಯ ನಿಂತುಹೋಗುತ್ತದೆ. ಎಷ್ಟು ನಿಧಾನ ಎಂಬುದು ಕೈಗೆ ಬರಬೇಕಾದ ವಿದ್ಯೆ.

ಈ ಕ್ಲಾಸುಗಳಲ್ಲಿ ನನಗೆ ಇನ್ನೊಂದು ಲಾಭ, ಭಾಷೆಯದು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ನಿಜವಾದ ಪಾಠ ಚಹಾ ಹೊತ್ತಿನಲ್ಲಿ ಮಲಯಾಳದಲ್ಲಿ. ಕಾಲುಬಾಯಿ ರೋಗಕ್ಕೆ ಇವರು ಕುಳಂಬುರೋಗಂ ಅನ್ನುತ್ತಾರೆ, ಕೆಚ್ಚಲು ಬಾವಿಗೆ ಅಗಿಡುವೀಕ್ಕಂ, ಚರ್ಮಗಂಟಿಗೆ ಚರ್ಮಮುಳ. ಇಲಿಜ್ವರ ಇಲ್ಲಿ ಎಲಿಪ್ಪನಿ, ಕನ್ನಡದವರಿಗೆ ಕಷ್ಟವೇನಿಲ್ಲ. ರೇಬೀಸ್‌ಗೆ ಪೇವಿಷ ಎನ್ನುತ್ತಾರೆ. ಕೊಚ್ಚಿಗೆ ಬಂದ ಹೊಸದರಲ್ಲಿ ಈ ಶಬ್ದಗಳನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ರೋಗಿ ಬಾಯಿ ಬಿಟ್ಟು ಹೇಳುವುದಿಲ್ಲ. ಅದರ ಪರವಾಗಿ ಮನೆಯವರು ಹೇಳುವ ಮಾತೂ ಅರ್ಥವಾಗದಿದ್ದರೆ ಡಾಕ್ಟರಿಗೆ ಉಳಿಯುವುದು ಬರೀ ಊಹೆ.

ಪೇವಿಷದ ಮಾತು ಬಂತಲ್ಲ, ನಡೆದದ್ದೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಪರವೂರು ಕಡೆಯ ಅಮ್ಮಚ್ಚಿಯೊಬ್ಬರು ಫೋನ್ ಮಾಡಿದರು. “ಮೋಳೇ, ಹಸುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ. ಜೊಲ್ಲು ಸುರಿಸುತ್ತಿದೆ, ನೀರೂ ಇಳಿಯುತ್ತಿಲ್ಲ. ಹಲಸಿನ ಬೀಜ ಇರಬೇಕು. ಬೇಗ ಬಾ.” ನಾನು ಹೋಗುವಷ್ಟರಲ್ಲಿ ಮಗ ತೋಳು ಮಡಚಿ ಹಸುವಿನ ಬಾಯಿಗೆ ಕೈ ಹಾಕಲು ತಯಾರಾಗಿ ನಿಂತಿದ್ದ. ಹಸು ಮತ್ತೆ ಮತ್ತೆ ಕೂಗುತ್ತಿತ್ತು. ಕೂಗು ಒಡೆದಿತ್ತು, ಗಂಟಲು ಕಟ್ಟಿದವರ ದನಿಯ ಹಾಗೆ.

ಅದಕ್ಕೆ ಎರಡು ವಾರ ಮೊದಲಷ್ಟೇ ಒಂದು ಅರ್ಧ ದಿನದ ಕ್ಲಾಸಿಗೆ ಹೋಗಿದ್ದೆ. ನಿವೃತ್ತರಾದ ಹಿರಿಯರೊಬ್ಬರು ಪಾಠ ಮಾಡಿದರು. ಅವರು ತೋರಿಸಿದ್ದು ವಿಡಿಯೊಗಳನ್ನು, ಒಂದರ ಮೇಲೊಂದು, ರೇಬೀಸ್ ಬಂದ ಹಸುಗಳದ್ದು. ಹುಚ್ಚುನಾಯಿಯ ಹಾಗೆ ಕಚ್ಚಲು ಬರುವ ಹಸು ಅದರಲ್ಲಿ ಒಂದೋ ಎರಡೋ ಇರಬಹುದು. ಉಳಿದವೆಲ್ಲ ಸುಮ್ಮನೆ ಜೊಲ್ಲು ಸುರಿಸುತ್ತ, ಒಡೆದ ದನಿಯಲ್ಲಿ ಕೂಗುತ್ತ, ನುಂಗಲಾಗದೆ ನಿಂತಿದ್ದವು. ಯಾರಿಗಾದರೂ ಗಂಟಲಲ್ಲಿ ಏನೋ ಸಿಕ್ಕಿದೆ ಅಂತಲೇ ಅನ್ನಿಸಬೇಕು. “ಬಾಯಿಗೆ ಕೈ ಹಾಕುವ ಮೊದಲು ಆ ದನಿ ಕೇಳಿ,” ಎಂದು ಅವರು ಮೂರು ಸಲ ಹೇಳಿದ್ದರು. ಪುಸ್ತಕದಲ್ಲಿ ಈ ಮಾತು ನಾನು ಓದಿದ್ದೆ. ದನಿ ಕೇಳಿದ್ದು ಅಂದೇ ಮೊದಲು.

ಅಮ್ಮಚ್ಚಿಯ ಕೊಟ್ಟಿಗೆಯಲ್ಲಿ ಕೇಳಿದ್ದು ಅದೇ ದನಿ. ಮಗನನ್ನು ಹಿಂದಕ್ಕೆ ಕರೆದೆ. ಗ್ಲೌಸ್ ಹಾಕಿ ದೂರದಿಂದಲೇ ಪರೀಕ್ಷಿಸಿದೆ. ನಾಯಿ ಏನಾದರೂ ಬಂದಿತ್ತೇ ಎಂದು ಕೇಳಿದರೆ, ತಿಂಗಳ ಹಿಂದೆ ಬೀದಿನಾಯಿಯೊಂದು ಕೊಟ್ಟಿಗೆಗೆ ನುಗ್ಗಿದ್ದು ಅವರಿಗೆ ಆಗ ನೆನಪಾಯಿತು. ಹಸುವನ್ನು ಬೇರೆ ಕಟ್ಟಿಸಿ, ಸರ್ಕಾರಿ ಡಾಕ್ಟರಿಗೆ ತಿಳಿಸಿದೆವು. ಮೂರನೇ ದಿನ ಹಸು ಸತ್ತಿತು. ಮೆದುಳಿನ ಮಾದರಿ ಲ್ಯಾಬಿಗೆ ಹೋಯಿತು. ಬಂದ ಉತ್ತರ ರೇಬೀಸ್. ಅಷ್ಟು ದಿನ ಕಲಗಚ್ಚು ಕುಡಿಸಿ, ಬಾಯಿ ಒರೆಸಿದ್ದ ಮನೆಯವರೆಲ್ಲ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡರು. ಮೊದಲೇ ಲಸಿಕೆ ಪಡೆದಿದ್ದ ನನಗೆ ಎರಡು ಡೋಸ್ ಸಾಕಾಯಿತು. ರೇಬೀಸ್ ಲಕ್ಷಣ ಕಂಡ ಮೇಲೆ ಮನುಷ್ಯನಿಗೆ ಔಷಧಿ ಇಲ್ಲ ಎಂಬುದು ನಿಮಗೆ ಗೊತ್ತು. ಆ ಅರ್ಧ ದಿನ ನನ್ನ ಕ್ಲಿನಿಕ್ಕಿನ ಬಾಗಿಲಲ್ಲೂ ಚೀಟಿ ಅಂಟಿಸಿತ್ತು. ಚೆನ್ನೈನ ಓದುಗರಿಗೆ ನನ್ನ ಉತ್ತರ ಇದೇ.

ಇಷ್ಟು ಹೇಳಿದ ಮೇಲೆ ವ್ಯವಸ್ಥೆಯ ಹುಳುಕನ್ನೂ ಹೇಳಬೇಕು. ನಾನು ಕ್ಲಿನಿಕ್ಕಿಗೆ ಬಾಗಿಲು ಹಾಕಿ ಹೋಗಬಲ್ಲೆ. ಒಂದು ದಿನದ ಸಂಪಾದನೆ ಹೋಗುತ್ತದೆ, ಅಷ್ಟೆ. ಬೆಳಗಿನ ಜಾವ ಎರ್ನಾಕುಲಂನಲ್ಲಿ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿದರೆ ಕ್ಲಾಸ್ ಹೊತ್ತಿಗೆ ತಿರುವನಂತಪುರದಲ್ಲಿರುತ್ತೇನೆ. ಪಂಚಾಯಿತಿ ಆಸ್ಪತ್ರೆಯ ಡಾಕ್ಟರ್ ಏನು ಮಾಡಬೇಕು? ಕೇರಳದಲ್ಲಿ ಹೆಚ್ಚುಕಡಿಮೆ ಪ್ರತಿ ಪಂಚಾಯಿತಿಗೂ ಒಂದು ಪಶು ಆಸ್ಪತ್ರೆ ಇದೆ, ಅದು ಹೆಮ್ಮೆಯ ವಿಷಯ. ಆದರೆ ಬಹಳ ಕಡೆ ಡಾಕ್ಟರ್ ಒಬ್ಬರೇ. ಅವರು ಎರಡು ದಿನ ರಾಜಧಾನಿಗೆ ಹೋದರೆ ಅಡ್ಡಲಾದ ಕರುವನ್ನು ಎಳೆಯುವವರು ಯಾರು? ಪಕ್ಕದ ಪಂಚಾಯಿತಿಯ ಡಾಕ್ಟರಿಗೆ ಹೆಚ್ಚುವರಿ ಹೊಣೆ ಕೊಡುತ್ತಾರೆ. ಅವರಿಗೆ ತಮ್ಮ ಊರಿನ ಹಸುಗಳೇ ಸಾಕಷ್ಟಿರುತ್ತವೆ. ನನ್ನ ಗೆಳತಿಯೊಬ್ಬಳು ಬೆಟ್ಟದ ಮೇಲಿನ ಪಂಚಾಯಿತಿಯಲ್ಲಿದ್ದಾಳೆ. ಅವಳಿಗೆ ತರಬೇತಿಯ ಪತ್ರ ಬಂದಾಗಲೆಲ್ಲ ಸಂತೋಷಕ್ಕಿಂತ ಚಿಂತೆಯೇ ಹೆಚ್ಚು. “ನಾನು ಹೊರಟ ದಿನವೇ ಯಾರದೋ ಹಸು ಈಯಲು ಶುರುಮಾಡುತ್ತದೆ ನೋಡು,” ಅನ್ನುತ್ತಾಳೆ. ಆಗಾಗ ಹೋಗುವುದೇ ಇಲ್ಲ.

ಹೀಗಾಗಿ ಸಭಾಂಗಣದಲ್ಲಿ ವರ್ಷಾ ವರ್ಷ ಅವೇ ಮುಖಗಳು ಕಾಣುತ್ತವೆ: ಪೇಟೆಯವರು, ಕಾಲೇಜಿನವರು, ಬದಲಿ ಡಾಕ್ಟರ್ ಇರುವ ದೊಡ್ಡ ಆಸ್ಪತ್ರೆಯವರು. ಹಕ್ಕಿಜ್ವರವಾಗಲಿ, ಹಂದಿಜ್ವರವಾಗಲಿ, ಹೊಸ ರೋಗ ಮೊದಲು ಬಂದು ನಿಲ್ಲುವುದು ಪೇಟೆಯ ಕ್ಲಿನಿಕ್ಕಿನ ಮುಂದಲ್ಲ. ಅದನ್ನು ಮೊದಲು ನೋಡಬೇಕಾದವರು ಒಂಟಿಯಾಗಿ ಕೆಲಸ ಮಾಡುವ ಆ ಡಾಕ್ಟರ್, ಕ್ಲಾಸಿನಲ್ಲಿ ಇಲ್ಲದವರೂ ಅವರೇ.

ಇನ್ನೊಂದು ತೊಡಕು ದುಡ್ಡಿನದು. ನಾಯಿ ಬೆಕ್ಕುಗಳ ವೈದ್ಯಕೀಯದಲ್ಲಿ ಹಣವಿದೆ. ಆದ್ದರಿಂದ ಕಂಪನಿಗಳ ಪ್ರಾಯೋಜಕತ್ವದ ಕ್ಲಾಸುಗಳೂ ಉಂಟು. ಒಳ್ಳೆಯ ಹೋಟೆಲು, ಒಳ್ಳೆಯ ಊಟ, ಪಾಠ ಒಂದು ಗಂಟೆ, ಆ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಹೊಸ ಔಷಧಿಯ ಗುಣಗಾನ. ಅದರಲ್ಲೂ ಕಲಿಯುವುದಿದೆ, ಇಲ್ಲವೆನ್ನುವುದಿಲ್ಲ. ಆದರೆ ‘ಈ ಕಾಯಿಲೆಗೆ ಔಷಧಿಯೇ ಬೇಡ, ಎರಡು ದಿನ ಕಾಯಿರಿ’ ಎಂಬ ಪಾಠವನ್ನು ಯಾವ ಕಂಪನಿಯೂ ಪ್ರಾಯೋಜಿಸುವುದಿಲ್ಲ. ಇಂದು ಅತಿ ಮುಖ್ಯವಾದ ಪಾಠಗಳಲ್ಲಿ ಅದೂ ಒಂದು. ಆಂಟಿಬಯಾಟಿಕ್‌ಗಳು ಕೆಲಸ ಮಾಡುವುದನ್ನು ಬಿಡುತ್ತಿವೆ. ಕೇರಳ 2018ರಲ್ಲೇ ಇದಕ್ಕೆಂದು ರಾಜ್ಯ ಮಟ್ಟದ ಕ್ರಿಯಾಯೋಜನೆ ಮಾಡಿತು. 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು ಮುಂತಾದ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು, ಮನುಷ್ಯರಿಗೆ ಅದು ಕೊನೆಯ ಆಸರೆಯ ಔಷಧಿಯಾದ್ದರಿಂದ. ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಪರೀಕ್ಷೆಗೆ ಕಳಿಸಿ, ಯಾವ ಔಷಧಿ ನಾಟುತ್ತದೆ ಎಂದು ತಿಳಿದು ಕೊಡುವುದು, ಆ ಔಷಧಿಯ ಅಂಶ ಇಳಿಯುವವರೆಗೆ ಹಾಲನ್ನು ಡೈರಿಗೆ ಹಾಕದಿರಲು ರೈತನನ್ನು ಒಪ್ಪಿಸುವುದು, ಇವನ್ನೂ ಕುಳಿತು ಕಲಿಯಬೇಕು. ಇದರಲ್ಲಿ ಯಾರಿಗೂ ಲಾಭವಿಲ್ಲ, ಹಾಲು ಕುಡಿಯುವ ನಿಮಗೆ ಬಿಟ್ಟು.

ಕೋವಿಡ್ ನಂತರ ವೆಬಿನಾರ್‌ಗಳು ಬಂದವು. ಬೆಟ್ಟದ ಮೇಲಿನ ನನ್ನ ಗೆಳತಿಗೆ ಅದರಿಂದ ನಿಜಕ್ಕೂ ಉಪಕಾರವಾಗಿದೆ. ಆದರೆ ಕಿವಿ ಕಲಿಯುವುದೇ ಬೇರೆ, ಕೈ ಕಲಿಯುವುದೇ ಬೇರೆ. ಹಕ್ಕಿಜ್ವರದ ಸುರಕ್ಷಾ ಉಡುಪನ್ನು ಹಾಕುವುದು ಸುಲಭ. ಕಳಚುವಾಗ ಹೊರಮೈ ಮುಟ್ಟದೆ ಕಳಚುವುದು ನಾಲ್ಕು ಸಲ ತಪ್ಪಿದ ಮೇಲೆ ಬರುತ್ತದೆ. ಬೀದಿನಾಯಿಗೆ ಸಣ್ಣ ಗಾಯದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದೂ ಹಾಗೆಯೇ. ಊಟಿಯ ಹತ್ತಿರ ವರ್ಲ್ಡ್‌ವೈಡ್ ವೆಟರಿನರಿ ಸರ್ವಿಸ್ ಸಂಸ್ಥೆಯ ತರಬೇತಿ ಕೇಂದ್ರವಿದೆ. ಅಲ್ಲಿ ವೈದ್ಯರು ಟೇಬಲ್ಲಿನ ಮುಂದೆ ನಿಂತು ಕಲಿಯುತ್ತಾರೆ. ಬೀದಿನಾಯಿ ಸಮಸ್ಯೆಯ ಬಗ್ಗೆ ಕೊಚ್ಚಿಯಲ್ಲಿ, ಬೆಂಗಳೂರಿನಲ್ಲಿ ಎಷ್ಟು ಕೂಗಾಡಿದರೂ ಇಂಥ ತರಬೇತಾದ ಕೈಗಳು ಸಾಕಷ್ಟು ಇಲ್ಲದಿದ್ದರೆ ಯೋಜನೆಗಳು ಕಾಗದದಲ್ಲೇ ಉಳಿಯುತ್ತವೆ.

ಬ್ರಿಟನ್ನಿನಲ್ಲಿ ಪಶುವೈದ್ಯರು ವರ್ಷಕ್ಕೆ 35 ಗಂಟೆ ಕಲಿತ ಲೆಕ್ಕ ಕೊಡಬೇಕು. ನಮ್ಮಲ್ಲೂ ಗಂಟೆ ಲೆಕ್ಕ ಬಿಗಿ ಮಾಡಿ ಅನ್ನುವವರಿದ್ದಾರೆ. ನನಗೆ ವಿರೋಧವಿಲ್ಲ. ಆದರೆ ಬದಲಿ ಡಾಕ್ಟರ್ ಕೊಡದೆ ಗಂಟೆ ಮಾತ್ರ ಕೇಳಿದರೆ ಬೆಟ್ಟದ ಡಾಕ್ಟರ್ ಸಹಿ ಹಾಕಿ ಹೊರಡುತ್ತಾರೆ, ಸರ್ಟಿಫಿಕೇಟ್ ಬರುತ್ತದೆ, ವಿದ್ಯೆ ಬರುವುದಿಲ್ಲ. ನಾನು ಕೇಳುವುದು ಮೂರು. ಜಿಲ್ಲೆಗೆ ಇಬ್ಬರಾದರೂ ಬದಲಿ ಡಾಕ್ಟರುಗಳಿರಲಿ, ಒಬ್ಬರು ಕಲಿಯಲು ಹೋದರೆ ಅವರ ಕುರ್ಚಿಯಲ್ಲಿ ಇವರು ಕೂರಲಿ. ತಿರುವನಂತಪುರದ ಎರಡು ದಿನದ ಭಾಷಣದ ಬದಲು ತಾಲೂಕಿನಲ್ಲಿ ಅರ್ಧ ದಿನದ ಕೈಪಾಠ ಆಗಲಿ. ಮಳೆಗಾಲಕ್ಕೆ ಮೊದಲು ಇಲಿಜ್ವರ, ವಲಸೆ ಹಕ್ಕಿ ಬರುವ ಮೊದಲು ಹಕ್ಕಿಜ್ವರ ಎಂಬ ಹಾಗೆ ಪಾಠಕ್ಕೂ ಋತು ಇರಲಿ.

ನೀವು ಮಾಡಬಹುದಾದದ್ದೂ ಇದೆ. ನಿಮ್ಮ ಡಾಕ್ಟರ್ ತರಬೇತಿಗೆ ಹೋಗುವಾಗ ತುರ್ತಿಗೆ ಯಾರನ್ನು ನೋಡಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಒಳ್ಳೆಯ ಡಾಕ್ಟರ್ ಆ ಫೋನ್ ನಂಬರನ್ನು ಚೀಟಿಯಲ್ಲೇ ಬರೆದಿರುತ್ತಾರೆ. ಇಂಜೆಕ್ಷನ್ ಕೊಡಲಿಲ್ಲ ಎಂದು ಡಾಕ್ಟರನ್ನು ಬದಲಿಸಬೇಡಿ. ‘ಈ ಔಷಧಿ ಯಾಕೆ?’ ಎಂದು ಕೇಳಲು ಸಂಕೋಚವೂ ಬೇಡ. ಊರಿನಲ್ಲಿ ಅಪ್ಪ ಅಮ್ಮ ದನ ಸಾಕುತ್ತಿದ್ದರೆ ಸಂಚಾರಿ ಪಶು ಆಸ್ಪತ್ರೆಯ 1962 ಸಂಖ್ಯೆಯನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಬರಿಗೈ ಹಾಕಬೇಡಿ ಎಂದು ಮುಂದಿನ ಸಲ ಫೋನ್ ಮಾಡಿದಾಗ ಮರೆಯದೆ ಹೇಳಿ.

ಮಳೆಗಾಲ ಹತ್ತಿರ ಬಂತು. ನಾಯಿಯ ಲಸಿಕೆ ಪುಸ್ತಕ ತೆಗೆದು ನೋಡಿ, ಇಲಿಜ್ವರದ ಲಸಿಕೆಗೆ ವರ್ಷ ದಾಟಿದ್ದರೆ ಈ ವಾರವೇ ಹಾಕಿಸಿ. ಆ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ, ಮುಂದಿನ ತಿಂಗಳು ಅದನ್ನೇ ತೆಗೆದುಕೊಳ್ಳೋಣ.